ಮೆಟ್ಟಿಲಿಗೆ ನೀರು ಏರಿಸಿದ್ದು

ನಮ್ಮ ತೆಂಗಿನ ತೋಟದ ಮೇಲ್ಗಡೆ, ಕಂದಿಕೆರೆ ಕಡೆಯಿಂದ ಬರುವ ಹಳ್ಳಕ್ಕೆ ಅಡ್ಡಲಾಗಿ ನೆರೆತೋಟದ ಯಜಮಾನರು ಸ್ವಂತ ಖರ್ಚಿನಲ್ಲಿ ಮಣ್ಣಿನ ಏರಿ ಹಾಕಿಸಿದ್ದರು. ನಾವೆಲ್ಲ ಅದನ್ನು ಕಟ್ಟೆ ಎನ್ನುತ್ತಿದ್ದೆವು. ಅವರೆದುರಿಗೆ ಮಾತ್ರ ಡ್ಯಾಂ ಎನ್ನಬೇಕಿತ್ತು. ಬೋರನಕಣಿವೆ ಜಲಾಶಯ ತುಂಬಿದಾಗ ದೊಡ್ಡವರು ಬಾಗಿನ ಬಿಟ್ಟದ್ದನ್ನು ನೋಡಿ ಬಂದ ಮೇಲೆ, ತಮ್ಮ ಡ್ಯಾಮಿಗೂ ಒಬ್ಬ ದೊಡ್ಡವರ ಕೈಯಲ್ಲಿ ಬಾಗಿನ ಬಿಡಿಸಬೇಕೆಂಬ ಆಸೆ ಅವರಿಗೆ ಹತ್ತಿತು.

ಆ ಮಳೆಗಾಲದಲ್ಲಿ ಕಟ್ಟೆ ತುಂಬಿ, ಹೆಚ್ಚಾದ ನೀರು ಕೋಡಿಯಲ್ಲಿ ಹರಿಯಿತು. ಆದರೆ ಅತಿಥಿಗಳಿಗೆಂದು ಏರಿಯ ಒಳಮೈಗೆ ಕಟ್ಟಿಸಿದ್ದ ಗ್ರಾನೈಟ್ ಮೆಟ್ಟಿಲು ನೀರಿಗಿಂತ ಮೊಳದಷ್ಟು ಮೇಲೆಯೇ ನಿಂತುಬಿಟ್ಟಿತ್ತು. ಬಾಗಿನ ಬಿಡಲು ಒಪ್ಪಿಕೊಂಡಿದ್ದ ಸಾಹೇಬರು ಕೆಸರಿಗೆ ಇಳಿಯುವುದುಂಟೆ? ಮೆಟ್ಟಿಲನ್ನು ಇಳಿಸುವುದಕ್ಕಿಂತ ನೀರನ್ನು ಏರಿಸುವುದು ಸುಲಭವೆಂದು ಯಜಮಾನರು ತೀರ್ಮಾನಿಸಿದರು. ಮಣ್ಣು ತುಂಬಿದ ಚೀಲಗಳನ್ನು ಜೋಡಿಸಿ ಕೋಡಿ ಮುಚ್ಚಿಸಿದರು. ನೀರು ಮೆಟ್ಟಿಲಿಗೆ ಬಂತು.

ಏರಿಯ ಕೆಳಗೆ, ಹಳ್ಳದ ದಂಡೆಯಲ್ಲಿ, ಕುರಿ ಸಾಕುವ ಹೆಂಗಸೊಬ್ಬಳು ರಾತ್ರಿ ಕುರಿ ಕೂಡುವ ಮುಳ್ಳುಬೇಲಿಯ ರೊಪ್ಪವಿತ್ತು. ಬಾಗಿನದ ದಿನ ಬೆಳಿಗ್ಗೆ ಅವಳು ಏರಿ ಹತ್ತಿ ಬಂದಳು. ನೆರೆಯವನೆಂಬ ಗೌರವಕ್ಕೆ ಬಾಗಿನದ ಮೊರ ಹಿಡಿಯುವ ಕೆಲಸ ನನಗೆ ಬಿದ್ದಿತ್ತು. ಮೆಟ್ಟಿಲ ಮೇಲೆ ನಿಂತಿದ್ದೆ.

"ಯಜಮಾನ್ರೇ, ಏರಿ ಬುಡದಾಗೆ ನೀರು ಒಸರ್ತಾ ಐತೆ. ಚೀಲ ತೆಗೆಸ್ರಪ್ಪ, ನನ್ ಕುರಿ ಕೆಳಗವೆ."

"ಸಾಹೇಬ್ರು ಬಂದು ಹೋಗ್ಲಿ ಕಣಮ್ಮ."

"ಅವ್ರು ಬರೋಗಂಟ ನೀರು ಕಾಯ್ತದಾ?"

"ಒಳ್ಳೆ ದಿನ ಕೆಟ್ಟ ಮಾತಾಡ್ಬ್ಯಾಡ. ನಡಿ ನಡಿ."

ಹೋದಳು. ತಿರುಗಿ ಬಂದಾಗ ಕುರಿಗಳೆಲ್ಲ ಜೊತೆಗಿದ್ದವು. ಸುತ್ತ ಎತ್ತರದ ಜಾಗವೆಂದರೆ ಶಾಮಿಯಾನ ಹಾಕಿದ್ದ ದಿಬ್ಬವೊಂದೇ. ಅಲ್ಲಿಗೇ ಹೊಡೆದಳು. ಕುರಿಗಳು ಕುರ್ಚಿಗಳ ನಡುವೆ ನುಗ್ಗಿ ಸ್ವಾಗತ ಕಮಾನಿನ ಚೆಂಡುಹೂವಿಗೆ ಬಾಯಿ ಹಾಕಿದವು.

"ಓಡಿಸ್ರಲಾ ಅವನ್ನ!" ಎಂದು ಯಜಮಾನರು ದಿಬ್ಬದತ್ತ ಓಡಿದರು. ಆಗಲೇ ನನ್ನ ಕಾಲಡಿಯ ಕಲ್ಲು ಅಲುಗಿತು. ಮೊರ ಬಿಟ್ಟು ನಾನೂ ಅತ್ತಲೇ ಓಡಿದೆ. ಏರಿಯ ನಡುಭಾಗ ಮೊದಲು ಸದ್ದಿಲ್ಲದೆ ಕುಸಿಯಿತು. ಸದ್ದು ಆಮೇಲೆ ಬಂತು. ಮೆಟ್ಟಿಲು, ಮೊರ, ಕೆಳಗಿನ ರೊಪ್ಪ ಒಟ್ಟಿಗೆ ಹೋದವು. ಈಗಲೂ ಯಾವ ಏರಿಯ ಮೇಲಾದರೂ ಒಂದು ಕಾಲು ಊರಿ ನೋಡಿಯೇ ಇನ್ನೊಂದನ್ನು ಇಡುತ್ತೇನೆ.

ಸಾಹೇಬರು ಮಧ್ಯಾಹ್ನ ಬಂದರು. ಬಂದವರನ್ನು ಬರಿಗೈಯಲ್ಲಿ ಕಳಿಸಲಾದೀತೆ? ತಳದ ಗುಂಡಿಯಲ್ಲಿ ಉಳಿದಿದ್ದ ನೀರಿಗೆ ಯಜಮಾನರು ಇನ್ನೊಂದು ಬಾಗಿನ ಬಿಡಿಸಿದರು. ಸಾಹೇಬರು ಮೊಣಕಾಲಿನ ತನಕ ಕೆಸರಿಗಿಳಿದರು. ಫೋಟೊ ತೆಗೆಯುವವನಿಗೆ ಆದಷ್ಟು ಹತ್ತಿರದಿಂದ ತೆಗೆಯಲು ಹೇಳಲಾಯಿತು.

ಸಂಜೆ ಶಾಮಿಯಾನ ಬಿಚ್ಚಿದ ಮೇಲೆ ಕುರಿಯವಳು ಅದೇ ದಿಬ್ಬಕ್ಕೆ ಮುಳ್ಳಿನ ಹೊರೆ ಎಳೆದು ತಂದಳು.

"ಇದು ನನ್ ಜಾಗ ಕಣಮ್ಮ."

"ಕೆಳಗೆ ನನ್ನದೊಂದಿತ್ತು. ನಿಮ್ ಡ್ಯಾಂ ತಗಂಡು ಹೋಯ್ತು. ತಂದ್ಕೊಡಿ, ಹೋಯ್ತೀನಿ."

ಯಜಮಾನರು ಸಹಾಯಕ್ಕೆಂಬಂತೆ ನನ್ನ ಮುಖ ನೋಡಿದರು. ನಾನು ಮುಳ್ಳಿನ ಹೊರೆಯ ಇನ್ನೊಂದು ತುದಿ ಹಿಡಿದೆ.