ಬರ್ಥಾ ಆಂಟಿಯ ದೋಣಿ ರೋಸ್ಟರ್

ಕ್ಷಮಿಸುವುದು ದೊಡ್ಡ ಗುಣ ಅಂತ ಉಪದೇಶ ಮಾಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಯಾರಿಗೋ ಏನೋ ಮಾಡಿ ಬಂದವರೇ ಇರುತ್ತಾರೆ. ನಮ್ಮ ಪಕ್ಕದ ಮನೆಯ ಬರ್ಥಾ ಲಸ್ರಾದೊ ಅಂಥವರಲ್ಲ. ಅವರು ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾರೆ, ಮಂಡಿಯೂರುತ್ತಾರೆ, ಲೋಕವನ್ನೆಲ್ಲ ಕ್ಷಮಿಸುತ್ತಾರೆ. ತಮ್ಮನ ಹೆಂಡತಿ ರೊವೀನಾ ಒಬ್ಬಳನ್ನು ಬಿಟ್ಟು.

ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದು ಮರದ ಬೇಲಿ. ಹದಿನೆಂಟು ವರ್ಷದಿಂದ ಆ ಬೇಲಿಯ ಮೇಲೆ ನನ್ನ ಬಿಸಿಬೇಳೆಭಾತೂ ಇಡ್ಲಿಯಂಥ ಅವರ ಸಣ್ಣಾಸೂ ಓಡಾಡಿವೆ. ಅವರಿಗೆ ಅರವತ್ತೆರಡು. ಗಂಡ ತೀರಿ ಒಂಬತ್ತು ವರ್ಷವಾಯಿತು, ಮಕ್ಕಳಿಲ್ಲ. ಪ್ಯಾರಮಟ್ಟಾದ ಒಂದು ವೃದ್ಧಾಶ್ರಮದಲ್ಲಿ ನರ್ಸುಗಳಿಗೆ, ಅಡುಗೆಯವರಿಗೆ ಪಾಳಿ ಹಾಕುವ ಕೆಲಸ. ರೋಸ್ಟರ್ ಬರ್ಥಾ ಅಂತಲೇ ಅಲ್ಲಿ ಹೆಸರು. ಯಾರ ಮಗುವಿಗೆ ಯಾವತ್ತು ಪರೀಕ್ಷೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಬಾಯಿಪಾಠ. ಎದುರು ಮಾತಾಡಿದವರಿಗೆ ಕ್ರಿಸ್‌ಮಸ್ ಬೆಳಿಗ್ಗೆಯ ಪಾಳಿ ತಾನಾಗಿ ಬಂದು ಬೀಳುತ್ತದೆ. ಅದು ಶಿಕ್ಷೆ ಅಂತ ಇದುವರೆಗೆ ಒಬ್ಬರಿಗೂ ಸಾಬೀತು ಮಾಡುವುದಕ್ಕೆ ಆಗಿಲ್ಲ.

ತಮ್ಮ ಕಾನ್ರಾಡ್ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿದ್ದಾನೆ. ಪಾಪದ ಮನುಷ್ಯ. ಅವನಿಗೂ ರೊವೀನಾಗೂ ಒಬ್ಬಳೇ ಮಗಳು, ವಿಯೋಲಾ. ದೀಕ್ಷಾಸ್ನಾನದ ದಿನ ಆ ಮಗುವನ್ನು ತೋಳಲ್ಲಿ ಹಿಡಿದು ನಿಂತವರು ಬರ್ಥಾ, ಅಂದರೆ ಗಾಡ್‌ಮದರ್. ಶಾಲೆಗೆ ರಜೆ ಬಂತೆಂದರೆ ಹುಡುಗಿ ಕ್ವೇಕರ್ಸ್ ಹಿಲ್‌ಗೆ ಬಂದುಬಿಡುತ್ತಿದ್ದಳು. ಅವಳಿಗೆ ಸೈಕಲ್ ಕಲಿಸಿದ್ದು ನಮ್ಮ ರಸ್ತೆಯಲ್ಲಿ. ಬರ್ಥಾ ಹಿಂದೆ ಹಿಂದೆ ಓಡುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಆ ಹೆಂಗಸು ಬಸ್ಸಿಗೂ ಓಡಿದವರಲ್ಲ.

ಈಗ ಆ ದಿನದ ಕತೆ ಹೇಳಬೇಕು. ಹೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರಲ್ಲಿ ಮದುವೆಯ ಹಿಂದಿನ ದಿನ ರೋಸ್ ಮಾಡುತ್ತಾರೆ. ಮದುಮಗಳನ್ನು ಕೂರಿಸಿ, ಮೈಕೈಗೆ ತೆಂಗಿನ ಹಾಲು ಹಚ್ಚಿ ಹರಸುವುದು. ಅವರ ಮನೆಯಲ್ಲಿ ಅಪ್ಪ ಅಮ್ಮನ ನಂತರ ಗಾಡ್‌ಮದರ್ ಸರದಿ. ಎರಡು ವರ್ಷದ ಹಿಂದೆ ವಿಯೋಲಾಳ ರೋಸ್‌ಗೆ ಬರ್ಥಾ ತುರಿಮಣೆಯನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಮೆಲ್ಬರ್ನಿಗೆ ಹೋದರು. ಟಿನ್ನಿನ ಹಾಲು ಸಾಕು ಅಂದಿದ್ದಳು ರೊವೀನಾ. 'ನನ್ನ ಮಗುವಿಗೆ ಟಿನ್ನಿನದ್ದಾ?' ಅಂತ ಇವರು ಹನ್ನೊಂದು ಕಾಯಿ ತುರಿದು, ಕೈಯಲ್ಲೇ ಹಿಂಡಿ, ದೊಡ್ಡ ಸ್ಟೀಲ್ ಬೋಗುಣಿ ತುಂಬ ಹಾಲು ತೆಗೆದರು. ನಾನೂ ಹೋಗಿದ್ದೆ, ಮದುವೆಗೆ. ಬೋಗುಣಿ ಹಿಡಿದು ಅವರು ಸಾಲಿನಲ್ಲಿ ನಿಂತಿದ್ದರು, ಕೆಂಪು ಸೀರೆಯಲ್ಲಿ.

ಮೈಕು ರೊವೀನಾಳ ಕೈಯಲ್ಲಿತ್ತು. ಗಂಡ ಹೆಂಡತಿ ಹಚ್ಚಿ ಆದ ಮೇಲೆ ಅವಳು ತನ್ನ ಆಫೀಸಿನ ಮ್ಯಾನೇಜರ್ ದಂಪತಿಯನ್ನು ಕರೆದಳು. ಆಮೇಲೆ ಸಬರ್ಬ್‌ನ ಯಾರೋ ಡಾಕ್ಟರ್. ಆಮೇಲೆ ಇನ್ಯಾರೋ. ಬರ್ಥಾ ಎರಡು ಹೆಜ್ಜೆ ಮುಂದೆ ಇಟ್ಟಾಗ ಊಟ ಬಡಿಸುವ ಹೊತ್ತಾಗಿತ್ತು. ರೊವೀನಾ ಬೆಂಗಳೂರಿನಲ್ಲಿ ಬೆಳೆದವಳು. ನಮ್ಮಂಥವರೂ ಇದ್ದರಲ್ಲ, ಕನ್ನಡದಲ್ಲೇ, ಮೈಕಿನಲ್ಲೇ ಹೇಳಿದಳು:

"ಅಕ್ಕಾ, ಟೈಮ್ ಇಲ್ಲ. ನೀವು ಹೇಗೂ ನಮ್ಮೋರೇ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಎಲ್ಲಾರೂ ಊಟಕ್ಕೆ ಬನ್ನಿ ಪ್ಲೀಸ್!"

ನಾಲ್ಕು ಜನ ನಕ್ಕರು. ಬರ್ಥಾ ತಿರುಗಿ ಅಡುಗೆಮನೆಗೆ ಹೋಗಿ ಹಾಲನ್ನು ಸಿಂಕಿಗೆ ಸುರಿದರು. ಬೋಗುಣಿ ತೊಳೆದು ಒರೆಸಿ ಇಟ್ಟರು. ಹೊರಗೆ ಬಂದು ಊಟ ಮಾಡಿದರು, ಬೈಲಾ ಹಾಡಿಗೆ ಕುಣಿದರು ಕೂಡ. ಪಾಳಿ ಹಾಕುವವರಿಗೆ ಕಾಯುವುದು ಗೊತ್ತಿರುತ್ತದೆ.

ಕಾದದ್ದಕ್ಕೆ ಈ ವರ್ಷ ಏಪ್ರಿಲ್‌ನಲ್ಲಿ ಫಲ ಬಂತು. ನಾನು ಅವರ ಅಡುಗೆಮನೆಯಲ್ಲೇ ಕೂತಿದ್ದಾಗ ರೊವೀನಾಳ ಫೋನು. ಬರ್ಥಾ ಸ್ಪೀಕರಿಗೆ ಹಾಕಿದರು.

"ಅಕ್ಕಾ, ಈ ಸಲ ನಮ್ಮ ಮೂವತ್ತನೇ ಆ್ಯನಿವರ್ಸರಿ. ನ್ಯೂಜಿಲೆಂಡ್‌ಗೆ ಹೋಗೋಣ ಅಂತ. ಅಲ್ಲಿ ಮೌಂಟ್ ಕುಕ್ ಕೆಳಗೆ ಲೇಕ್ ಇದೆಯಂತೆ, ಗ್ಲೇಸಿಯರ್‌ದು, ಐಸ್‌ಬರ್ಗ್‌ಗಳು ತೇಲ್ತಾ ಇರ್ತಾವಂತೆ, ಬೋಟಲ್ಲಿ ಮಧ್ಯಕ್ಕೇ ಕರ್ಕೊಂಡು ಹೋಗ್ತಾರಂತೆ. ನಾನು ವೈಟ್ ಗೌನ್ ಹೊಲಿಸ್ತಾ ಇದೀನಿ, ಐಸ್ ಮುಟ್ಕೊಂಡು ಒಂದು ಫೋಟೋ. ಇಡೀ ಗ್ಲೆನ್ ವೇವರ್ಲಿಗೆ ಹೇಳ್ಬಿಟ್ಟಿದೀನಿ. ಪ್ಲಾನಿಂಗ್ ಎಲ್ಲಾ ನೀವೇ. ನಿಮ್ಮಷ್ಟು ನೀಟಾಗಿ ಯಾರ್ ಮಾಡ್ತಾರೆ?"

"ಮಾಡುವ, ಮಾಡುವ," ಅಂದರು ಬರ್ಥಾ. ಫೋನಿಟ್ಟು ನನ್ನನ್ನು ನೋಡಿದರು. ಎರಡು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ.

ರೊವೀನಾಗೆ ಜುಲೈ ರಜೆಯಲ್ಲಿ ಹೋಗುವ ಆಸೆ. ಚಳಿಗಾಲದಲ್ಲಿ ಆ ಸರೋವರ ಹೆಪ್ಪುಗಟ್ಟುತ್ತದೆ, ದೋಣಿ ಇಳಿಯುವುದು ಸೆಪ್ಟೆಂಬರ್ ಅರ್ಧ ಕಳೆದ ಮೇಲೆ ಅಂತ ಬರ್ಥಾ ಓದಿ ತಿಳಿದುಕೊಂಡು ಅಕ್ಟೋಬರ್ ಮೊದಲ ವಾರಕ್ಕೆ ಇಟ್ಟರು. ಬಸ್ಸಿನಿಂದ ಇಳಿದು ಅರ್ಧ ಗಂಟೆ ನಡಿಗೆ, ಆಮೇಲೆ ಲೈಫ್ ಜಾಕೆಟ್, ಒಂದು ಗಂಟೆ ನೀರಿನ ಮೇಲೆ. ದೋಣಿ ಕಂಪನಿಯ ನಿಯಮಗಳನ್ನು ಅವರು ನೊವೇನ ಪ್ರಾರ್ಥನೆಯ ಪುಸ್ತಕದಷ್ಟು ಭಕ್ತಿಯಿಂದ ಓದಿದರು. ಕೊನೆಗೆ ಬೇಕಾದ್ದು ಸಿಕ್ಕಿತು.

"ಒಂದು ದೋಣಿಯಲ್ಲಿ ಹನ್ನೆರಡು ಜನ, ವಂದನಾ. ಒಂದು ತಲೆ ಜಾಸ್ತಿ ಆದ್ರೂ ಹತ್ತಿಸುವುದಿಲ್ಲವಂತೆ."

"ನೀವೆಲ್ಲ ಸೇರಿ ಎಷ್ಟು ಜನ ಆಂಟಿ?"

"ಹನ್ನೆರಡು." ಪೆನ್ನು ಕಚ್ಚಿಕೊಂಡರು. "ನಿಮಗೆ ಮಂಜುಗಡ್ಡೆ ನೋಡ್ಬೇಕು ಅಂತ ಉಂಟಾ?"

ನನ್ನ ಮೇಲಿನ ಪ್ರೀತಿಗೆ ಕರೆದದ್ದಲ್ಲ, ಹನ್ನೆರಡನ್ನು ಹದಿಮೂರು ಮಾಡುವುದಕ್ಕೆ ಕರೆದದ್ದು. ನನಗೆ ಬೇಸರವೇನೂ ಆಗಲಿಲ್ಲ, ಅವತ್ತೇ ಆಫೀಸಿಗೆ ರಜೆ ಹಾಕಿದೆ. ಹನ್ನೆರಡು ಹೆಸರು ಬುಕ್ ಆದವು. ಕಾಯುವವರ ಪಟ್ಟಿಯಲ್ಲಿ ಒಂದೇ ಒಂದು ಹೆಸರು: ರೊವೀನಾ. ಬಿಳಿ ಗೌನಿನಲ್ಲಿ ಅರ್ಧ ಗಂಟೆ ಕಲ್ಲುದಾರಿ ನಡೆದು ನೀರಿನ ಹತ್ತಿರ ಬಂದಾಗ ದೋಣಿಯವನು ಒಬ್ಬೊಬ್ಬರ ಹೆಸರು ಕರೆಯುತ್ತಾನೆ. ಬರ್ಥಾ, ಕಾನ್ರಾಡ್, ವಿಯೋಲಾ, ವಂದನಾ. ಹನ್ನೆರಡಕ್ಕೆ ನಿಲ್ಲಿಸುತ್ತಾನೆ. ಆಗ ಬರ್ಥಾ ಹೇಳುತ್ತಾರೆ: ನೀನು ಹೇಗೂ ನಮ್ಮವಳಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ಆ ಮಾತನ್ನು ಅವರು ಪಾತ್ರೆ ತೊಳೆಯುವಾಗ ಅಭ್ಯಾಸ ಮಾಡುವುದು ಬೇಲಿಯಾಚೆ ನನಗೆ ಕೇಳಿಸುತ್ತಿತ್ತು. ಒಮ್ಮೆ ಮೆಲ್ಲಗೆ, ಒಮ್ಮೆ ನಗುತ್ತಾ. ನಗುತ್ತಾ ಹೇಳಿದ್ದೇ ಚೆನ್ನಾಗಿದೆ ಅಂತ ನಾನೇ ಸಲಹೆ ಕೊಟ್ಟೆ.

ಆಗಸ್ಟ್‌ನಲ್ಲಿ ಕಾನ್ರಾಡ್ ನಮ್ಮಿಬ್ಬರನ್ನೂ ಒಂದು ಶನಿವಾರ ಊಟಕ್ಕೆ ಕರೆದ, ಪ್ರವಾಸದ ಮಾತುಕತೆಗೆ. ಗ್ಲೆನ್ ವೇವರ್ಲಿಯ ಮನೆಯಲ್ಲಿ ಗೌನು ಬಾಗಿಲ ಹಿಂದೆ ನೇತಾಡುತ್ತಿತ್ತು. ರೊವೀನಾ ಅದನ್ನು ಮೂರು ಸಲ ತೋರಿಸಿದಳು. ಬರ್ಥಾ ಮೂರು ಸಲವೂ ಹೊಗಳಿದರು. ಊಟವಾದ ಮೇಲೆ ದೋಣಿ ಕಂಪನಿಯ ಆರೋಗ್ಯದ ಫಾರಂಗಳನ್ನು ಹಂಚಿದರು, ಎತ್ತರ, ತೂಕ, ಕಾಯಿಲೆ ಬರೆಯುವುದಕ್ಕೆ. ವಿಯೋಲಾ ಫಾರಂ ಓದುತ್ತಾ ಓದುತ್ತಾ ನಿಂತುಬಿಟ್ಟಳು. ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು.

"ಐ ಕಾಂಟ್ ಗೋ ಆನ್ ದ ಬೋಟ್," ಅಂದಳು. "ಪ್ರೆಗ್ನೆಂಟ್ ಇದ್ರೆ ಹತ್ತಿಸಲ್ಲ ಅಂತ ಇದೆ."

ಮನೆ ಎದ್ದು ಕುಣಿಯಿತು. ಕಾನ್ರಾಡ್ ಅತ್ತ, ನಾನೂ ಅತ್ತೆ. ಮಗು ಹುಟ್ಟುವುದು ಜನವರಿಗೆ, ಡಾಕ್ಟರು ನಡೆಯಬಹುದು ಅಂದಿದ್ದಾರೆ, ಪ್ರವಾಸಕ್ಕೆ ಬರುತ್ತೇನೆ, ದಡದಲ್ಲಿ ಕೂತಿರುತ್ತೇನೆ ಅಂದಳು ಹುಡುಗಿ. ನನ್ನ ತಲೆಯೊಳಗೆ ಲೆಕ್ಕ ಓಡಿತು: ಒಂದು ಸೀಟು ಖಾಲಿ, ಅದು ರೊವೀನಾಗೆ, ಎರಡು ವರ್ಷದ ತಪಸ್ಸು ನೀರುಪಾಲು. ಬರ್ಥಾ ಅಷ್ಟರಲ್ಲಿ ಬಾಯಿ ತೆರೆದಿದ್ದರು.

"ನಾನು ನಿಲ್ತೇನೆ ವಿಯೋಲಾ ಹತ್ರ. ನೀವೆಲ್ಲ ಹೋಗಿ ಬನ್ನಿ."

"ನೀವ್ಯಾಕೆ ಅಕ್ಕಾ?" ಅಂದಳು ರೊವೀನಾ. ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು. "ತಾಯಿ ಇದೀನಲ್ಲ ನಾನು. ಐಸೂ ಬೇಡ ಫೋಟೋನೂ ಬೇಡ, ನಾನಿರ್ತೀನಿ ನನ್ನ ಮಗಳ ಜೊತೆ. ನೀವು ಬೋಟಲ್ಲಿ ಹೋಗಿ. ನೀವು ಹೇಗೂ ನಮ್ಮೋರೇ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಬೇಕಂತ ಅಂದಳೋ ಅಂತ ನಾನು ಅವಳ ಮುಖವನ್ನೇ ನೋಡಿದೆ. ಇಲ್ಲ. ಅವಳಿಗೆ ನೆನಪೇ ಇರಲಿಲ್ಲ. ಎರಡು ವರ್ಷ ಒಬ್ಬಳು ಎದೆಯಲ್ಲಿ ಕೆಂಡ ಇಟ್ಟುಕೊಂಡು ತಿರುಗಿದ್ದಾಳೆ, ಕೆಂಡ ಇಟ್ಟವಳಿಗೆ ಅದರ ನೆನಪೂ ಇಲ್ಲ. ಕಾನ್ರಾಡ್ ಬೇರೆ, 'ನೋಡಿ, ತಾಯಿ ಅಂದ್ರೆ ಹೀಗಿರ್ಬೇಕು' ಅಂದ. ಗಾಯದ ಮೇಲೆ ಉಪ್ಪು. ಕಿತ್ತುಕೊಳ್ಳಬೇಕು ಅಂತಿದ್ದ ಆಟಿಕೆಯನ್ನು ರೊವೀನಾ ತಾನೇ ಬಿಸಾಡಿ ದೊಡ್ಡವಳಾಗಿಬಿಟ್ಟಳು. ಬರ್ಥಾಗೆ ಉಳಿದದ್ದು ಹಾಳು ಮಂಜುಗಡ್ಡೆ.

ಬರ್ಥಾ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಹೋದೆ, ಎಲ್ಲಿ ಏನಾದರೂ ಒಡೆದು ಹಾಕುತ್ತಾರೋ ಅಂತ. ನಲ್ಲಿ ಬಿಟ್ಟು ಸಿಂಕಿನ ಮುಂದೆ ಸುಮ್ಮನೆ ನಿಂತಿದ್ದರು. ವಿಯೋಲಾ ಬಂದು ನಲ್ಲಿ ನಿಲ್ಲಿಸಿದಳು. ಈ ಹುಡುಗಿಗೆ ಕನ್ನಡ, ಕೊಂಕಣಿ ಎರಡೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಆಂಟಿ, ದಟ್ ಡೇ," ಅಂದಳು. ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ ಮುಂದೆ ಚಾಚಿದಳು, ರೋಸ್‌ನ ದಿನ ಕುರ್ಚಿಯಲ್ಲಿ ಕೂತು ಚಾಚಿದ್ದ ಹಾಗೆಯೇ. "ಐ ವಾಸ್ ವೇಟಿಂಗ್ ಫಾರ್ ಯು. ಯು ಜಸ್ಟ್ ಟರ್ನ್‌ಡ್ ಅರೌಂಡ್."

ಬರ್ಥಾ ಆ ಅಂಗೈಗಳನ್ನು ನೋಡಿದರು. ಒದ್ದೆ ಕೈಯಲ್ಲೇ ಹಿಡಿದುಕೊಂಡರು. ಅತ್ತರು ಅಂತ ಬರೆದರೆ ಚೆನ್ನಾಗಿರುತ್ತದೆ, ಆದರೆ ಅಳಲಿಲ್ಲ. ಅವರ ಕಣ್ಣು ಚುರುಕಾದದ್ದನ್ನು ನಾನು ಕಂಡೆ. ಪ್ಯಾರಮಟ್ಟಾದಲ್ಲಿ ಯಾರಾದರೂ ಕೊನೆ ಗಳಿಗೆಯಲ್ಲಿ ರಜೆ ಹಾಕಿದಾಗ ಇಡೀ ವಾರದ ಪಾಳಿಯನ್ನು ತಲೆಯಲ್ಲೇ ತಿರುಗಿಸಿ ಹಾಕುವಾಗ ಆ ಕಣ್ಣು ಹಾಗಾಗುತ್ತದಂತೆ.

ನಮ್ಮ ವಾಪಸಿನ ವಿಮಾನ ಮೆಲ್ಬರ್ನ್ ಬಿಡುವ ಮೊದಲೇ ಬರ್ಥಾರ ಬ್ಯಾಗಿನಿಂದ ರೋಸ್ಟರ್ ಹೊರಗೆ ಬಂತು. ವಿಯೋಲಾಳ ಹೆಸರಿಗೂ ಒಂದನೇ ಸಾಲಿನ ತಮ್ಮ ಹೆಸರಿಗೂ ಗೆರೆ ಎಳೆದರು. ಕಾಯುವವರ ಪಟ್ಟಿಯಿಂದ ರೊವೀನಾಳನ್ನು ತೆಗೆದು ಒಂದನೇ ಸಾಲಿಗೆ ಬರೆದರು.

"ಆಂಟಿ!" ಅಂದೆ. "ಸೋತ್ಬಿಟ್ರಾ? ಅವಳನ್ನ ಬೋಟಿಗೆ ಹತ್ತಿಸ್ತೀರಾ?"

"ಹತ್ತಿಸದೆ ಎಂತ? ಅವಳು ಹತ್ತಲೇಬೇಕು."

"ಹತ್ತಲ್ಲ ಅಂದ್ಲಲ್ಲ."

"ಕಾನ್ರಾಡನಿಗೆ ಫೋನ್ ಮಾಡ್ತೇನೆ. ಮೂವತ್ತು ವರ್ಷದ ಸಂಭ್ರಮಕ್ಕೆ ಗಂಡನನ್ನು ಒಬ್ಬನೇ ಕಳಿಸ್ತಾಳಾ ಅಂತ ಕೇಳ್ತೇನೆ. ಅವನು ಹೋಗಿ ಅವಳ ಕಾಲು ಹಿಡೀತಾನೆ. ಗೌನ್ ಬೇರೆ ಹೊಲಿಸಿ ಆಗಿದೆ. ಮಗಳ ಹತ್ರ ಯಾರಿರ್ತಾರೆ ಅಂತ ಕೇಳ್ತಾಳೆ. ವೃದ್ಧಾಶ್ರಮದಲ್ಲಿ ಇಪ್ಪತ್ತು ವರ್ಷ ದುಡಿದ ಗಾಡ್‌ಮದರ್ ಇದ್ದಾಳೆ, ಮಂಡಿ ನೋವು, ದೋಣಿ ಹತ್ತಲಿಕ್ಕೆ ಆಗುವುದಿಲ್ಲ ಪಾಪ, ದಡದಲ್ಲಿ ಕೂತಿರ್ತಾಳೆ ಅಂತ ಹೇಳ್ತೇನೆ." ಮಂಡಿಯನ್ನು ಒಮ್ಮೆ ತಟ್ಟಿಕೊಂಡರು. ಅದಕ್ಕೆ ಯಾವ ನೋವೂ ಇಲ್ಲ, ಅದೇ ಮಂಡಿಯಲ್ಲಿ ಅವರು ಬೈಲಾ ಕುಣಿದದ್ದನ್ನು ನಾನು ನೋಡಿದ್ದೇನೆ.

"ಆಮೇಲೆ?"

"ಆಮೇಲೆ ಎಂತ ಮಾರಾಯ್ತಿ. ಒಂದು ಗಂಟೆ ದೋಣಿ ನೀರಲ್ಲಿ. ಅವಳಿಗೆ ಇಳಿಯಲಿಕ್ಕೆ ಆಗುವುದಿಲ್ಲ, ಮೈಕು ಹಿಡಿಯಲಿಕ್ಕೆ ಆಗುವುದಿಲ್ಲ. ನನ್ನ ಮಗು ನನ್ನ ಎದುರು ಕೂತಿರ್ತದೆ, ಕೈ ಚಾಚಿ."

ಹೊಸ ರೋಸ್ಟರ್ ವಾಟ್ಸಾಪ್ ಗ್ರೂಪಿಗೆ ಹೋಯಿತು. ಬರ್ಥಾ ಹೇಳಿದ ಹಾಗೆಯೇ ಕಾನ್ರಾಡ್ ಹೆಂಡತಿಯ ಕಾಲು ಹಿಡಿದ. ಮೂರನೇ ದಿನ ರೊವೀನಾಳಿಂದ ಹನ್ನೆರಡು ಹೃದಯಗಳ ಜೊತೆ ಮೆಸೇಜು: 'ಅಕ್ಕಾ, ನಿಮ್ಮ ಸೀಟನ್ನೇ ನಂಗೆ ಬಿಟ್ಟುಕೊಟ್ರಿ. ನಿಮ್ಮಂಥ ದೊಡ್ಡ ಮನಸ್ಸು ಯಾರಿಗೂ ಬರಲ್ಲ.' ಬರ್ಥಾ ಅದನ್ನು ನನಗೆ ಓದಿ ಹೇಳಿದರು, ಎರಡು ಸಲ.

ಮೊನ್ನೆ ಶನಿವಾರ ಇಬ್ಬರೂ ನಮ್ಮ ಸ್ಟೇಷನ್ ಹತ್ತಿರದ ಇಂಡಿಯನ್ ಅಂಗಡಿಗೆ ಹೋಗಿದ್ದೆವು. ಹಸಿ ಕಾಯಿ, ಹಿಂಡಿದ ಹಾಲು ಯಾವುದನ್ನೂ ನ್ಯೂಜಿಲೆಂಡಿನವರು ಒಳಗೆ ಬಿಡುವ ಭರವಸೆ ಇಲ್ಲ. ಬರ್ಥಾ ಕಪಾಟಿನ ಮುಂದೆ ನಿಂತು ಟಿನ್ನುಗಳನ್ನು ಒಂದೊಂದಾಗಿ ತಿರುಗಿಸಿ ಓದಿ, ಒಂದನ್ನು ಬುಟ್ಟಿಗೆ ಹಾಕಿದರು.

"ಟಿನ್ನಿಂದಾ, ಆಂಟಿ? ಅದೂ ಅಲ್ಲದೆ ಮದುವೆ ಆದ್ಮೇಲೆ ರೋಸ್ ಮಾಡ್ತಾರಾ?"

"ರೋಸ್ ಅಲ್ಲ ಇದು. ರೋಸ್ ಅವಳು ನನ್ನಿಂದ ಕಿತ್ತುಕೊಂಡಳು, ಅದು ಇನ್ನು ಬರುವುದಿಲ್ಲ. ಇದು ಬರೀ ತೆಂಗಿನ ಹಾಲು." ಟಿನ್ನನ್ನು ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿದರು. "ನನ್ನ ಕೈಯಾರೆ ಹಚ್ಚುವುದು."

ಮನೆಗೆ ಬಂದು ಸೂಟ್‌ಕೇಸ್ ತೆರೆದರು. ತಳದಲ್ಲಿ ಆ ಸ್ಟೀಲ್ ಬೋಗುಣಿ, ಅದರೊಳಗೆ ಮಡಚಿಟ್ಟ ಕೆಂಪು ಸೀರೆ. ಟಿನ್ನನ್ನು ಸೀರೆಯ ಮಡಿಕೆಯಲ್ಲಿ ಇಟ್ಟು ಮುಚ್ಚಿದರು. ಆಮೇಲೆ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತರು. ಇನ್ನೇನು ಬಾಕಿ ಉಳಿದಿದೆ ಆಂಟಿ, ಎಲ್ಲಾ ಬುಕ್ ಆಯ್ತಲ್ಲ ಅಂತ ಕೇಳಿದೆ.

"ದೋಣಿಯವರಿಗೆ ಒಂದು ಮೇಲ್ ಹಾಕ್ಲಿಕ್ಕುಂಟು," ಅಂದರು. "ದಡಕ್ಕೆ ಮುಖ ಮಾಡಿ ಕೂರುವ ಸೀಟು ಯಾವುದು ಅಂತ."