ಸರ್ಕಾರ ತೆಗೆದುಕೊಂಡ ಒಂದು ತಾಸು

ನಮ್ಮ ಮಾವನವರು ನೀರಗಂಟಿ. ಸಿರುಗುಪ್ಪದ ಮಗ್ಗುಲಿನ ನಮ್ಮ ಹಳ್ಳಿಯಲ್ಲಿ ಕಾಲುವೆಯ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎನ್ನುವುದು ಅವರ ಕೈಯಲ್ಲಿತ್ತು. ನಾನು ಕುರುಗೋಡಿನಿಂದ ಸೊಸೆಯಾಗಿ ಬಂದಾಗ ಯುದ್ಧ ನಡೆದಿತ್ತು, ಸೀಮೆಎಣ್ಣೆಗೆ ಪರದಾಟವಿತ್ತು, ಊರಿನಲ್ಲಿ ಒಂದೇ ಒಂದು ಗಡಿಯಾರವೂ ಇರಲಿಲ್ಲ. ಇಲ್ಲವಲ್ಲ ಎಂದು ಯಾರೂ ಕೊರಗಿದ್ದನ್ನು ನಾನು ಕಂಡಿಲ್ಲ.

ಮಾವನವರೇ ಊರಿನ ಗಡಿಯಾರ. ತೂಬಿನ ಪಕ್ಕದ ಮಟ್ಟಸವಾದ ನೆಲದ ಮೇಲೆ ಬರಿಗಾಲಲ್ಲಿ ನೆಟ್ಟಗೆ ನಿಲ್ಲುತ್ತಿದ್ದರು. ತಮ್ಮ ನೆರಳಿನ ತಲೆ ಎಲ್ಲಿ ಬಿತ್ತೆಂದು ಗುರುತು ಹಿಡಿದು, ನಿಂತ ಜಾಗದಿಂದ ಅಲ್ಲಿಯವರೆಗೆ ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತ ಅಳೆಯುತ್ತಿದ್ದರು. ಇಷ್ಟು ಪಾದ ನೆರಳಿದ್ದಾಗ ಇವರ ಪಾಳಿ ಶುರು, ಇಷ್ಟಕ್ಕೆ ಇಳಿದಾಗ ಮುಗಿಯಿತು. ಯಾವ ತಿಂಗಳಲ್ಲಿ ನೆರಳು ಎಷ್ಟು ಉದ್ದ ಎನ್ನುವುದೆಲ್ಲ ಅವರ ಬಾಯಲ್ಲಿತ್ತು. ರಾತ್ರಿಯ ನೀರು ಮೇಲಿನ ದೊಡ್ಡ ಹಿಡುವಳಿಯವರಿಗೆ ಹೋಗುತ್ತಿದ್ದುದರಿಂದ ನಮ್ಮಂಥ ಸಣ್ಣವರಿಗೆ ಬಿಸಿಲೇ ಸಾಕಾಗುತ್ತಿತ್ತು. ಮೋಡ ಮುಸುಕಿದ ದಿನ ಮಾತ್ರ ಜಗಳ. ಅಂಥ ಒಂದು ಜಗಳದಲ್ಲಿ ಇಬ್ಬರು ಸಲಿಕೆ ಎತ್ತಿಕೊಂಡು ನಿಂತ ಮೇಲೆ, ಇನ್ನು ಗಡಿಯಾರ ತರದೆ ಗತಿಯಿಲ್ಲ ಎಂದು ಊರ ಗೌಡರು ತೀರ್ಮಾನ ಮಾಡಿದರು.

ಮನೆಮನೆಯಿಂದ ಭತ್ತ ಎತ್ತಿ, ಗೌಡರೇ ಬಳ್ಳಾರಿಗೆ ಹೋಗಿ ಕೌಲ್ ಬಜಾರಿನಲ್ಲಿ ಒಂದು ಗೋಡೆ ಗಡಿಯಾರ ತಂದರು. ತಾಸಿಗೊಮ್ಮೆ ಗಂಟೆ ಹೊಡೆಯುವ ಗಡಿಯಾರ ಅದು. ಆದರೆ ಇದ್ದಿಲು ಉರಿಸಿ ಓಡುತ್ತಿದ್ದ ಬಸ್ಸಿನ ಕುಲುಕಾಟಕ್ಕೆ ಅದರ ಗಂಟೆ ಸಡಿಲಾಗಿ, ನಮ್ಮೂರು ಮುಟ್ಟುವಷ್ಟರಲ್ಲಿ ಬಾಯಿ ಸತ್ತಿತ್ತು. ಲೋಲಕ ಮಾತ್ರ ಚೆನ್ನಾಗಿ ಆಡುತ್ತಿತ್ತು. ನೀರಗಂಟಿಯ ಮನೆಯಲ್ಲೇ ಇರಲಿ ಎಂದು ಅದನ್ನು ನಮ್ಮ ಪಡಸಾಲೆಯ ಗೋಡೆಗೆ ತೂಗುಹಾಕಿದರು. ನಮ್ಮ ಮನೆ ಕಾಲುವೆಯ ಏರಿಗೆ ಅಂಟಿಕೊಂಡಿತ್ತು, ಬಾಗಿಲಲ್ಲಿ ನಿಂತು ಕೂಗಿದರೆ ತೂಬಿಗೆ ಕೇಳಿಸುತ್ತಿತ್ತು.

ಒಂದು ವಾರ ನಮ್ಮ ಮನೆಗೆ ಜನವೋ ಜನ. ಹೆಂಗಸರು ಅರಿಸಿನ ಕುಂಕುಮ ತಂದು ಗಡಿಯಾರದ ಪೆಟ್ಟಿಗೆಗೆ ಹಚ್ಚಿ ಹೋದರು. ಇನ್ನು ಮುಂದೆ ಊರಿನಲ್ಲಿ ಜಗಳವೇ ಇರುವುದಿಲ್ಲ ಎಂದು ಗಂಡಸರು ಮಾತಾಡಿಕೊಂಡರು. ಬಳ್ಳಾರಿಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ ರಜೆಗೆ ಬಂದಾಗಲಂತೂ ಅವರ ಮಾತಿಗೆ ಲಗಾಮೇ ಇರಲಿಲ್ಲ. ಮನೆಮನೆಗೆ ಕರೆಂಟು ಬರುತ್ತದೆ, ಹಿಟ್ಟು ಬೀಸಲು ಹೆಂಗಸರು ಬೇಕಾಗುವುದಿಲ್ಲ, ಬಳ್ಳಾರಿಯಲ್ಲಿ ಹಾಡಿದ್ದನ್ನು ಇಲ್ಲಿ ಕೂತು ಕೇಳಬಹುದು. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಬೀಸುವ ಕಲ್ಲಿನಿಂದ ಬಿಡುಗಡೆ ಎಂದರೆ ಯಾವ ಹೆಣ್ಣಿಗೆ ಬೇಡ?

ಒಂದು ದಿನ ಊಟಕ್ಕೆ ಕೂತಾಗ ಅವರು ಅಪ್ಪನ ಎದುರಿಗೇ ಅಂದುಬಿಟ್ಟರು: "ಇನ್ನ ಹತ್ತು ವರ್ಷ ತಡೀರಿ. ಗುಂಡಿ ಒತ್ತಿದ್ರ ನೀರು ತಾನ ಗದ್ದಿಗೆ ಬರತೈತಿ. ನೀರಗಂಟಿ ಯಾಕ ಬೇಕಾಗ್ತಾನ?"

ಮಾವನವರು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಕೈ ತೊಳೆದರು. ಗಂಡನ ಮೇಲೆ ಆ ಹೊತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಯಾಕೆಂದರೆ ಒಂದು ಗುಟ್ಟು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಮಾವನವರಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಗೌಡರು ತೋರಿಸಿಕೊಟ್ಟಾಗ ಹೂಂ ಹೂಂ ಎಂದು ತಲೆಯಾಡಿಸಿದ್ದರು, ಅಷ್ಟೆ. ಅತ್ತೆಗೂ ಬಾರದು. ನನಗೆ ಬರುತ್ತಿತ್ತು. ಕುರುಗೋಡಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದೆ, ಮಾಸ್ತರು ಹಲಗೆಯ ಮೇಲೆ ಗಡಿಯಾರ ಬರೆದು ಬೆತ್ತ ಹಿಡಿದು ಕಲಿಸಿದ್ದರು. ಆದರೆ ನಮ್ಮ ಕಡೆ ಸೊಸೆ ಮಾವನ ಜೊತೆ ನೇರ ಮಾತಾಡುವ ಹಾಗಿಲ್ಲ, ಮಾವನೂ ಸೊಸೆಯನ್ನು ಮಾತಾಡಿಸುವ ಹಾಗಿಲ್ಲ. ಹಾಗಾಗಿ ನಾನು ಒಲೆಯ ಮುಂದಿನಿಂದ ಎದ್ದು ಬಂದು ನೋಡಿ ಅತ್ತೆಗೆ ಹೇಳುತ್ತಿದ್ದೆ, ಅತ್ತೆ ಬಾಗಿಲಿಗೆ ಹೋಗಿ, "ಏಳಾತಂತ," ಎಂದು ಕೂಗುತ್ತಿದ್ದರು. ಮಾವನವರು ಅದನ್ನು ಕೇಳಿ ಒಬ್ಬರ ಗದ್ದೆಗೆ ನೀರು ಹಾಯುವ ಮಡೆ ಮುಚ್ಚಿ ಇನ್ನೊಬ್ಬರದು ತೆಗೆಯುತ್ತಿದ್ದರು. ಅವರೇ ನೋಡಿಟ್ಟು ಬಂದಿದ್ದಾರೆ, ಹೆಂಡತಿ ನೆನಪಿಸುತ್ತಾಳೆ ಎಂದು ಊರು ತಿಳಿದಿತ್ತು. ನಾವು ಮೂವರೂ ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಜಂಬವಿತ್ತು. ಇಡೀ ಊರಿನ ನೀರು ನನ್ನ ಕಣ್ಣಳತೆಯಲ್ಲಿ ಹರಿಯುತ್ತಿದೆ ಎಂದುಕೊಂಡು ರೊಟ್ಟಿ ಬಡಿಯುತ್ತಿದ್ದೆ.

ಮರುವರ್ಷ ನಾಟಿ ಮುಗಿದ ಹೊಸತರಲ್ಲಿ ಗೌಡರ ಆಳು ಒಂದು ಬೆಳಿಗ್ಗೆ ನಮ್ಮ ಮನೆಗೆ ಓಡಿಬಂದು ಸುದ್ದಿ ಹೇಳಿದ, ಮಾವನವರು ಆಗ ತೂಬಿನ ಹತ್ತಿರ ಇದ್ದರು. ಯುದ್ಧದ ಸಲುವಾಗಿ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ತಾಸು ಮುಂದಕ್ಕೆ ಇಟ್ಟಿದೆಯಂತೆ, ನಮ್ಮದನ್ನೂ ಇಡಬೇಕೆಂದು ಗೌಡರು ಹೇಳಿದ್ದಾರೆ. ಆಗ ಗಡಿಯಾರದಲ್ಲಿ ಒಂಬತ್ತು ದಾಟಿ ಐದು ನಿಮಿಷ ಆಗಿತ್ತು. ನಾನು ಸ್ಟೂಲಿನ ಮೇಲೆ ಹತ್ತಿ ಮುಳ್ಳು ತಿರುಗಿಸಿದೆ. ತಿರುಗಿಸಿದವಳೇ, ಹತ್ತಾತು ಎಂದೆ. ಅತ್ತೆ ಬಾಗಿಲಿಗೆ ಹೋಗಿ ಕೂಗಿದರು.

ಒಂಬತ್ತರಿಂದ ಹತ್ತರವರೆಗಿನ ಪಾಳಿ ಕಾಲುವೆಯ ತುದಿಯ ಗದ್ದೆಯ ಮುದುಕಿಯದು. ಗಂಡ ಮಕ್ಕಳು ಯಾರೂ ಇಲ್ಲದ, ನಾಲಗೆ ಹರಿತವಾದ ಹೆಂಗಸು. ಅವಳ ಪಾಳಿ ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ನೀರು ಅವಳ ಬದುವನ್ನು ಇನ್ನೂ ಮುಟ್ಟಿರಲಿಲ್ಲ.

ಮಾವನವರು ಕೂಗು ಕೇಳಿ ಒಂದು ಕ್ಷಣ ನಿಂತದ್ದನ್ನು ನಾನು ಕಿಟಕಿಯಿಂದ ನೋಡಿದೆ. ಚುರುಗುಟ್ಟುವ ಬಿಸಿಲಿತ್ತು. ಅವರು ಹೋಗಿ ತಮ್ಮ ಹಳೆಯ ಜಾಗದಲ್ಲಿ ನಿಂತರು, ನೆರಳು ಅಳೆದರು. ಮತ್ತೊಮ್ಮೆ ಅಳೆದರು. ನೆರಳು ಇದ್ದಲ್ಲೇ ಇತ್ತು. ಸೂರ್ಯನ ಕಡೆ ನೋಡಿದರು, ತಮ್ಮ ಪಾದಗಳನ್ನು ನೋಡಿಕೊಂಡರು. ಆಮೇಲೆ ಹೋಗಿ ಮುದುಕಿಯ ಮಡೆ ಮುಚ್ಚಿ ಪಕ್ಕದವನದು ತೆಗೆದರು.

ನಾನು ಮಾಡಿದ್ದು ಏನೆಂದು ನನಗೆ ಹೊಳೆದದ್ದು ಸಂಜೆಗೆ, ಮುದುಕಿ ಚಾವಡಿಯ ಮುಂದೆ ನಿಂತು ಬಾಯಿ ಬಡಿದುಕೊಳ್ಳುವಾಗ. ನೀರಗಂಟಿ ಪಕ್ಕದ ಗದ್ದೆಯವನ ಹತ್ತಿರ ಏನೋ ತಿಂದಿದ್ದಾನೆ, ತನ್ನ ನೀರು ಮಾರಿಕೊಂಡಿದ್ದಾನೆ ಎಂದು ಅವಳ ದೂರು. ಜನ ಸೇರಿದರು. ತಂದೆಯ ಕಾಲದಿಂದ ತೂಬು ಕಾದ ಮನುಷ್ಯನನ್ನು ಗೌಡರು ಕಟ್ಟೆಯ ಕೆಳಗೆ ನಿಲ್ಲಿಸಿ ಕೇಳಿದರು. ಸರಿಯಾದ ಉತ್ತರ ಬರದಿದ್ದರೆ ನಾಳೆಯಿಂದ ತೂಬಿಗೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು.

ಮಾವನವರು ಉತ್ತರ ಕೊಡಬೇಕೆಂದರೆ ತನಗೆ ಗಡಿಯಾರ ನೋಡಲು ಬರುವುದಿಲ್ಲ ಎನ್ನಬೇಕು, ನಮ್ಮ ಸೊಸೆ ನೋಡಿ ಹೇಳಿದಳು ಎನ್ನಬೇಕು. ಮನೆಯ ಹೆಣ್ಣಿನ ಸುದ್ದಿಯನ್ನು ಚಾವಡಿಯಲ್ಲಿ ತೆಗೆಯುವ ಪೈಕಿಯವರಲ್ಲ ಅವರು. ರುಮಾಲು ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತಿದ್ದರು.

ನಾನು ಹೆಂಗಸರ ನಡುವೆ ನಿಂತಿದ್ದೆ. ಅತ್ತೆ ನನ್ನ ಸೆರಗು ಹಿಡಿದಿದ್ದರು. ಬಿಡಿಸಿಕೊಂಡು ಮುಂದೆ ಬಂದೆ.

"ಗೌಡ್ರ, ಮುಳ್ಳು ತಿರುವಿದಾಕಿ ನಾನು," ಎಂದೆ. "ಹತ್ತಾತು ಅಂದಾಕಿನೂ ನಾನ. ಅವ್ರದು ಏನೂ ತಪ್ಪಿಲ್ಲ. ನೆಳ್ಳು ಎರಡು ಸಲ ಅಳದು ನೋಡ್ಯಾರ, ನಾ ಕಂಡೀನಿ."

ಸೊಸೆ ಮಾವನ ಮುಂದೆ ಬಾಯಿ ಬಿಟ್ಟಳೆಂದು ಕೆಲವರು ಮುಖ ತಿರುಗಿಸಿದರು. ಗೌಡರು ಮಾತ್ರ ಮಾವನವರನ್ನು ಒಂದೇ ಮಾತು ಕೇಳಿದರು, ನೆರಳು ಸರಿದಿಲ್ಲ ಎಂದು ಗೊತ್ತಿದ್ದೂ ಮಡೆ ಯಾಕೆ ಮುಚ್ಚಿದೆ ಎಂದು.

ಮಾವನವರು ತಲೆ ಎತ್ತದೆ ಹೇಳಿದರು: "ಗಡಿಯಾರ ಸುಳ್ಳು ಹೇಳೂದಿಲ್ಲ ಅಂದಿದ್ರಲ್ರಿ. ನನಗ ವಯಸ್ಸಾತು, ನಂದ ತಪ್ಪಿರಬೇಕು ಅಂದ್ಕೊಂಡೆ."

ಆ ಮಾತು ಕೇಳಿ ನನಗೆ ಅಲ್ಲೇ ಅಳು ಬಂತು. ನನ್ನ ಜಂಬ ಅವತ್ತೇ ಇಳಿಯಿತು.

ತೂಬು ಅವರ ಕೈಯಲ್ಲೇ ಉಳಿಯಿತು. ಆದರೆ ಮುದುಕಿಯ ತಾಸು ಎಲ್ಲಿ ಹೋಯಿತು ಎನ್ನುವುದು ಬಗೆಹರಿಯಲಿಲ್ಲ. ಸರ್ಕಾರ ತೆಗೆದುಕೊಂಡಿತು ಎಂದು ಕೆಲವರು, ಯುದ್ಧಕ್ಕೆ ಹೋಯಿತು ಎಂದು ಕೆಲವರು. ಪಕ್ಕದ ಗದ್ದೆಯವನು, ತನ್ನ ಪಾಳಿ ಹತ್ತಕ್ಕೆ, ಹತ್ತಕ್ಕೇ ನೀರು ಬಂತು, ತಾನೇಕೆ ಕೊಡಲಿ ಎಂದ. ಅದೂ ಸುಳ್ಳಲ್ಲ. ಮಾವನವರು ಮರುದಿನದ ನಮ್ಮ ಪಾಳಿಯನ್ನೇ ಅವಳಿಗೆ ಬಿಡಲು ಹೋದರೆ ಮುದುಕಿ ಮಡೆಗೆ ಅಡ್ಡ ನಿಂತಳು. ನಿಮ್ಮ ನೀರು ನನಗೆ ಬೇಡ, ನನ್ನ ತಾಸು ನನಗೆ ಕೊಡಿ ಎಂದಳು. ಆ ಸಲ ಅವಳ ಸಸಿ ಹಳದಿ ತಿರುಗಿ, ಅರ್ಧ ಗದ್ದೆ ಮಾತ್ರ ಕೈಗೆ ಬಂತು. ಅವಳು ನಮ್ಮ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಳು.

ಚಾವಡಿಯಲ್ಲಿ ನನ್ನ ದನಿ ಕೇಳಿದ ಮೇಲೂ ಮಾವನವರು ನನ್ನೊಂದಿಗೆ ಮಾತಾಡಲಿಲ್ಲ. ಎಲ್ಲ ಮೊದಲಿನ ಹಾಗೆಯೇ ಅತ್ತೆಯ ಮೂಲಕ. ಒಂದೇ ಒಂದು ಬದಲಾವಣೆ ಎಂದರೆ, ಅವರು ಹೊಸ ಗಂಟೆಗೆ ತಕ್ಕಂತೆ ಪಾದದ ಲೆಕ್ಕ ಹೊಂದಿಸಿಕೊಂಡಿದ್ದರು, ನಾನು ಹೇಳಿದ ಗಂಟೆಗೆ ಅವರ ನೆರಳೂ ಒಪ್ಪಬೇಕಾಗಿತ್ತು. ಎರಡೂ ಕೂಡಿದರೇ ಮಡೆ ತೆಗೆಯುತ್ತಿದ್ದರು.

ಮೂರು ವರ್ಷ ಕಳೆದು ಯುದ್ಧ ಮುಗಿಯಿತು. ಬಳ್ಳಾರಿಯಿಂದ ಬಂದ ನನ್ನ ಗಂಡ, ಸರ್ಕಾರ ಆ ತಾಸನ್ನು ವಾಪಸು ಕೊಟ್ಟಿದೆ, ಗಿರಣಿಯ ಕೂಗು ಮತ್ತೆ ಹಳೆಯ ಹೊತ್ತಿಗೇ ಆಗುತ್ತಿದೆ ಎಂದು ಸುದ್ದಿ ತಂದರು. ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಯಂತ್ರ ಕೆಡುತ್ತದೆ, ಲೋಲಕವನ್ನು ಒಂದು ತಾಸು ನಿಲ್ಲಿಸಿ ಮತ್ತೆ ನಡೆಸಬೇಕು ಎಂದು ಕೌಲ್ ಬಜಾರಿನ ಅಂಗಡಿಯವನು ಹೇಳಿದ್ದನಂತೆ. ಈಗಲೇ ನಿಲ್ಲಿಸೋಣ ಎಂದು ಅವರು ಎದ್ದರು.

ಮಾವನವರು ಬೇಡ ಎಂದರು. ಇನ್ನೂ ನಾಲ್ಕು ದಿನ ಬೇಡ.

ನಾಲ್ಕು ದಿನ ದೇಶವೆಲ್ಲ ಒಂದು ಗಂಟೆಯಲ್ಲಿದ್ದರೆ ನಮ್ಮ ಊರು ಇನ್ನೊಂದರಲ್ಲಿತ್ತು. ಸಿರುಗುಪ್ಪಕ್ಕೆ ಹೋದವರು ಬಸ್ಸಿಗೆ ಒಂದು ತಾಸು ಮುಂಚೆಯೇ ಹೋಗಿ ಕೂತು ಕಾದು ಬೈದುಕೊಂಡರು. ನನ್ನ ಗಂಡ ನಕ್ಕರು, ಗೌಡರು ಗೊಣಗಿದರು. ಮಾವನವರು ಜಗ್ಗಲಿಲ್ಲ. ಯಾಕೆಂದು ಕೇಳಿದವರಿಗೆ, ಅದು ಯಾರ ತಾಸೋ ಅವರಿಗೇ ಮುಟ್ಟಬೇಕು ಎಂದಷ್ಟೇ ಹೇಳಿದರು.

ಐದನೆಯ ದಿನ ಮುದುಕಿಯ ಪಾಳಿ. ಭತ್ತ ಹಾಲು ತುಂಬುವ ಸಮಯ. ಗಡಿಯಾರ ಒಂಬತ್ತಕ್ಕೆ ಬಂದ ಕೂಡಲೇ ನಾನು ಅದರ ಪೆಟ್ಟಿಗೆಯ ಬಾಗಿಲು ತೆಗೆದು ಲೋಲಕವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದೆ. ಮನೆಯಲ್ಲಿ ಆ ಟಕಟಕ ಇಲ್ಲದೆ ಕಿವಿಯೇ ಕಟ್ಟಿದಂತಾಯಿತು. ಅತ್ತೆ ಬಾಗಿಲಿಗೆ ಹೋಗಿ, ನಿಂತಿತಂತ, ಎಂದು ಕೂಗಿದರು. ಏರಿಯ ಮೇಲೆ ಊರಿನ ಅರ್ಧ ಜನ ನೆರೆದಿದ್ದರು. ಎಲ್ಲರಿಗೂ ಆಗ ಒಂದೇ ಪ್ರಶ್ನೆ: ಗಡಿಯಾರ ನಿಂತಿದೆ, ಇನ್ನು ಒಂದು ತಾಸು ಆಯಿತೆಂದು ಹೇಳುವವರು ಯಾರು?

ಮಾವನವರು ಚಪ್ಪಲಿ ಬಿಟ್ಟು ತಮ್ಮ ಹಳೆಯ ಜಾಗದಲ್ಲಿ ನಿಂತರು.

ನೆರಳು ಐದು ಪಾದ ಕುಗ್ಗುವವರೆಗೆ ಮುದುಕಿಯ ಗದ್ದೆಗೆ ನೀರು ಹರಿಯಿತು. ಅದು ಅವಳ ಕಳೆದುಹೋದ ತಾಸು, ಅವತ್ತಿನ ಒಂಬತ್ತರ ಪಾಳಿ ಇನ್ನೂ ಹಾಗೇ ಉಳಿದಿತ್ತು. ಯಾರೂ ತಕರಾರು ಎತ್ತಲಿಲ್ಲ. ಪಕ್ಕದ ಗದ್ದೆಯವನು ಸಲಿಕೆ ಊರಿ ನಿಂತು, ಅವರು ಪಾದ ಇಡುವುದನ್ನೇ ನೋಡುತ್ತಿದ್ದ. ಮುದುಕಿ ಹಿಮ್ಮಡಿ ಮುಳುಗುವ ನೀರಿನಲ್ಲಿ, ಸೀರೆ ಎತ್ತಿಕಟ್ಟಿ, ಒಂದು ಮಾತೂ ಆಡದೆ ನಿಂತಿದ್ದಳು. ಅವಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದೆ ಡ್ಯಾಮು ಆಯಿತು, ಐವತ್ತರ ನಂತರ ಹೊಸ ಕಾಲುವೆ ಬಂತು, ಊರಿಗೆ ಹಿಟ್ಟಿನ ಗಿರಣಿಯೂ ಬಂತು. ಬೀಸುವ ಕಲ್ಲು ಬಿಟ್ಟ ದಿನ ನಾನು ಗಂಡನಿಗೆ ಸಿಹಿ ಮಾಡಿ ಹಾಕಿದೆ. ಅವರು ಹೇಳಿದ್ದರಲ್ಲಿ ಬಹಳಷ್ಟು ನಿಜವಾಯಿತು, ಗುಂಡಿ ಒತ್ತಿದರೆ ಗದ್ದೆಗೆ ನೀರು ಬರುವುದೊಂದನ್ನು ಬಿಟ್ಟು. ಆದರೆ ಯಂತ್ರಗಳ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಬೆಳಗು.

ಕೊನೆಯ ಪಾದ ಅಳೆದು ಮುಗಿಸಿ ಮಾವನವರು ಮನೆಯ ಕಡೆ ತಿರುಗಿದರು. ಅತ್ತೆ ಬಾಗಿಲಲ್ಲೇ ಇದ್ದರು, ಅವರ ಹಿಂದೆ ಗೋಡೆಯ ಬಳಿ ನಾನು. ಮಾವನವರು ಅತ್ತೆಯನ್ನು ನೋಡಲಿಲ್ಲ. ಊರ ಜನರ ಎದುರಿಗೆ, ಮದುವೆಯಾಗಿ ಬಂದ ಮೇಲೆ ಮೊದಲ ಸಲ, ನನ್ನನ್ನೇ ಕರೆದರು:

"ಒಂದು ತಾಸು ಆತು ಮಗಳ. ಇನ್ನ ನಡಸು."

ನಾನು ಲೋಲಕಕ್ಕೆ ಬೆರಳು ಕೊಟ್ಟೆ.