ಹವಾ ಬದಲಿ

ಅವಳನ್ನು ಜನ ‘ಬಾ ಯವ್ವಾ’ ಎಂದು ಕರೆಯುತ್ತಿದ್ದರು, ನನ್ನನ್ನು ‘ಮೇಡಮ್ಮೋರ’ ಎಂದು. ನನ್ನ ಹೊಟ್ಟೆಕಿಚ್ಚು ಶುರುವಾದದ್ದೇ ಅಲ್ಲಿಂದ. ಇಬ್ಬರೂ ಒಂದೇ ಸಮೀಕ್ಷೆಗೆ ಸೇರಿದವರು. ಹವಾಮಾನ ಬದಲಾವಣೆ, ಕರೆಂಟು, ಸೋಲಾರ್ ಬಗ್ಗೆ ಜನ ಏನಂತಾರೆ ಎಂದು ಮನೆಮನೆಗೆ ಹೋಗಿ ಫಾರಂ ತುಂಬುವ ಕೆಲಸ. ನಾನು ಶಹಾಪುರದವಳು, ಇಂಥ ಸಮೀಕ್ಷೆಗಳಲ್ಲಿ ಪಳಗಿದವಳು. ಅವಳು ಸುರಪುರದ ಕಡೆಯ ಹುಡುಗಿ, ನನಗಿಂತ ಎಂಟು ವರ್ಷ ಚಿಕ್ಕವಳು. ಕೆಲಸ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರನ್ನು ಸೂಪರ್‌ವೈಸರ್ ಮಾಡಿ ಉಳಿಸಿಕೊಳ್ಳುತ್ತೇವೆ ಎಂದು ಯಾದಗಿರಿ ಕಚೇರಿಯ ಸಾಹೇಬರು ಮೊದಲ ದಿನವೇ ಹೇಳಿದ್ದರು. ಆ ಕುರ್ಚಿ ನನ್ನದೇ ಎಂದು ಖಾತ್ರಿ ಮಾಡಿಕೊಂಡಿದ್ದೆ.

ನಮ್ಮ ಶಹಾಪುರ ತಾಲೂಕಿನದೇ ಊರು ಗೋಗಿಯಲ್ಲಿ ಒಂದು ಓಣಿ ನನಗೆ, ಪಕ್ಕದ ಓಣಿ ಅವಳಿಗೆ. ನಾನು ಫಾರಂನಲ್ಲಿದ್ದಂತೆ ಅಕ್ಷರ ಬಿಡದೆ ಓದುತ್ತಿದ್ದೆ: “ಹವಾಮಾನ ಬದಲಾವಣೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು?” ಒಬ್ಬ ಯಜಮಾನರು ಬಾಯೊಳಗಿನ ಎಲೆಅಡಿಕೆ ಒಂದು ಕಡೆ ಸರಿಸಿ, “ಛಲೋನೇ ಬಿಡ್ರಿ ಮೇಡಮ್ಮೋರ. ನಮ್ಮ ತಮ್ಮ ಹೋದ ವರ್ಷ ಮಾಡ್ಯಾನ, ಈಗ ಆರಾಮ ಅದಾನ” ಎಂದರು. ಅರ್ಥವಾಗಲಿಲ್ಲ. ಆದರೂ ‘ಒಳ್ಳೆಯದು’ ಎಂಬ ಚೌಕಕ್ಕೆ ಟಿಕ್ ಹಾಕಿದೆ. ಮುಂದಿನ ಮನೆಯಲ್ಲೂ ಛಲೋ, ಅದರ ಮುಂದಿನದರಲ್ಲೂ ಛಲೋ.

ಅತ್ತ ಅವಳ ಓಣಿಯಿಂದ ನಗು ಕೇಳುತ್ತಿತ್ತು. ಇಣುಕಿದೆ. ಕಟ್ಟೆಯ ಮೇಲೆ ಕುಂತು, ಒಬ್ಬ ಅಜ್ಜಿಯ ಜೊತೆ ತೊಗರಿ ಹಸನು ಮಾಡುತ್ತ, “ಆಯಿ, ಬಿಸಲು ಮಳಿ ಮೊದಲಿನಂಗ ಅದಾವೇನು?” ಎಂದು ಕೇಳುತ್ತಿದ್ದಳು.

“ಎಲ್ಲಿ ಮೊದಲಿನಂಗ ಯವ್ವಾ! ಬಿತ್ತೂವಾಗ ಮಳಿ ಬರಂಗಿಲ್ಲ, ರಾಶಿ ಮಾಡಾಗ ಬರ್ತದ. ಬಿಸಲಂತೂ ಜೀವ ತಿನ್ನಾಕತ್ತದ. ಅದರಿಂದ ಕರೆಂಟ್ ಮಾಡ್ತಾರಂತಲ್ಲ, ಮಾಡಲಿ. ಆದ್ರ ಮೊದಲ ನನ್ನ ಮನಿ ಫ್ಯಾನ್ ತಿರುಗಲಿ, ಆಮ್ಯಾಲ ಪ್ಯಾಟಿಗೆ ಕೊಡಲಿ” ಎಂದಳು ಅಜ್ಜಿ.

ಹುಡುಗಿ ಎಲ್ಲ ಬರೆದುಕೊಂಡಳು. ಇಂಥ ಒಂದು ಮಾತೂ ನನಗ್ಯಾಕೆ ಸಿಗಲಿಲ್ಲ ಎಂದು ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ವಾಪಸು ಬರುವಾಗ ಟಂಟಂ ಆಟೋದಲ್ಲಿ ನನ್ನ ಫಾರಂ ನೋಡಿ ಅವಳು ಮೆಲ್ಲಗೆ, “ಅಕ್ಕಾ, ತಪ್ಪು ತಿಳ್ಕೋಬ್ಯಾಡ್ರಿ. ಅವರು ಹವಾ ಬದಲಿ ಅಂತ ತಿಳದಾರ” ಎಂದಳು. ನಮ್ಮ ಕಡೆ ಬೇನೆ ಬಿದ್ದವರು ನಾಲ್ಕು ದಿನ ಬೇರೆ ಊರಲ್ಲಿ ಇದ್ದು ಬರುವುದಕ್ಕೆ ಹವಾ ಬದಲಿ ಅನ್ನುತ್ತಾರೆ. ಅದನ್ನು ಯಾರಾದರೂ ಕೆಟ್ಟದು ಅಂತಾರೆಯೇ? “ನಾ ಮಾತು ಬದಲಿ ಮಾಡಿ ಕೇಳತೀನ್ರಿ. ನಾಳಿ ಇಬ್ಬರೂ ಕೂಡಿ ನಿಮ್ಮ ಓಣಿಗೆ ಇನ್ನೊಮ್ಮೆ ಹೋಗಿ ಬರೂಣು.” ಇದೇ ತಾಲೂಕಿನಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಹಂಗಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಸಹಾಯ ಮಾಡಲು ಬಂದಳಲ್ಲ, ಮೈಯೆಲ್ಲ ಉರಿಯಿತು.

ಮರುದಿನ ಬೆಳಿಗ್ಗೆಯೇ ಸಾಹೇಬರಿಗೆ ಫೋನ್ ಮಾಡಿ, “ಸರ್, ಆಕಿ ಪ್ರಶ್ನಿ ಬದಲಿ ಮಾಡಿ ಕೇಳಾಕತ್ಯಾಳ್ರಿ” ಎಂದೆ. ಸುಳ್ಳೇನಲ್ಲ. ಪ್ರಶ್ನೆಯ ಒಂದು ಶಬ್ದವನ್ನೂ ಮುಟ್ಟಬಾರದು ಎಂದು ತರಬೇತಿಯಲ್ಲೇ ಹೇಳಿದ್ದರು. ಅವಳ ಫಾರಂಗಳೆಲ್ಲ ರದ್ದಾದವು, ಅವಳನ್ನೂ ಮನೆಗೆ ಕಳಿಸಿದರು. ನನ್ನವು ಹಾಗೇ ಹೋದವು.

ವರದಿ ಓದುವ ದಿನ ಯಾದಗಿರಿಯಲ್ಲಿ ನಾನೇ ಸೂಪರ್‌ವೈಸರ್. “ಗೋಗಿಯ ಜನ ಹವಾಮಾನ ಬದಲಾವಣೆಯನ್ನು ಸ್ವಾಗತಿಸುತ್ತಾರೆ” ಎಂದು ಸಾಹೇಬರು ಗಂಭೀರವಾಗಿ ಓದಿದರು. ಯಾರೂ ನಗಲಿಲ್ಲ. ನಾನು ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

ಅಷ್ಟರಲ್ಲಿ ಮೊಬೈಲಿಗೆ ಅವಳ ಮೆಸೇಜ್ ಬಂತು: “ಅಕ್ಕಾ, ಕೆಲಸ ನಿಮಗ ಸಿಕ್ತಂತ. ಭಾಳ ಖುಷಿ ಆತ್ರಿ.” ಚಾಡಿ ಹೇಳಿದ್ದು ನಾನೇ ಎಂದು ಗೊತ್ತಿಲ್ಲದೆ ಬರೆದಳೋ, ಗೊತ್ತಿದ್ದೇ ಬರೆದಳೋ ಇವತ್ತಿಗೂ ತಿಳಿಯದು. ಗೊತ್ತಿದ್ದೇ ಬರೆದಿದ್ದರೆ, ಅಂಥ ಮನಸ್ಸು ಅವಳಿಗೇ ಯಾಕೆ ಬಂತು, ನನಗ್ಯಾಕೆ ಬರಲಿಲ್ಲ ಎಂದು ಆಗಲೂ ಹೊಟ್ಟೆ ಉರಿಯಿತು.